ಉಪ್ಪು, ಇದ್ದಿಲು, ಎಡಗಿವಿ

ಹನೂರು, ೧೯೭೦ ಮಾರ್ಚ್ ೧೨, ಗುರುವಾರ

ಇವತ್ತು ಯಾರ ಮೇಲಾದರೂ ಕೂಗಾಡಲೇಬೇಕು. ಟೆಲಿಫೋನ್ ಬೋರ್ಡಿನ ಮುಂದೆ ಕೂತು ಕೂಗಾಡಿದರೆ ಕೆಲಸ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊಸ ಕ್ಯಾಬಿನೆಟ್ ಬಂತು. ಕೊಳ್ಳೇಗಾಲದಿಂದ ಹುರುಳಿ ಮೂಟೆಗಳ ಲಾರಿಯಲ್ಲಿ ಮಲಗಿಸಿಕೊಂಡು ತಂದರು. ಆಳೆತ್ತರದ ಕಬ್ಬಿಣದ ಬೀರು. ಊರಿನ ಟೆಲಿಫೋನ್ ಕಂಬಗಳಿಂದ ಬರುವ ತಂತಿಗಳೆಲ್ಲ ಇನ್ನು ಮೇಲೆ ಅದರ ಹೊಟ್ಟೆಗೆ ಹೋಗಿ, ಅಲ್ಲಿಂದ ನನ್ನ ಬೋರ್ಡಿಗೆ ಬರುತ್ತವೆ. ಬೀರುವಿಗೆ ಅರ್ತಿಂಗು ಆಗಬೇಕು. ಸಿಡಿಲು ಕಂಬಕ್ಕೆ ಹೊಡೆದರೆ ಅದು ತಂತಿ ಹಿಡಿದು ಬಂದು ಮಣ್ಣಿಗಿಳಿಯಬೇಕೇ ಹೊರತು ನನ್ನ ಕಿವಿಗಲ್ಲ. ಅದಕ್ಕಾಗಿ ಬೀರುವಿನಿಂದ ದಪ್ಪ ತಾಮ್ರದ ತಂತಿ, ಆ ತಂತಿ ಹೋಗಲು ಕಬ್ಬಿಣದ ಪೈಪು, ಹೊರಗೆ ಆಳುದ್ದದ ಗುಂಡಿ, ಗುಂಡಿಗೆ ಉಪ್ಪು ಮತ್ತು ಇದ್ದಿಲು. ಮೇಲೆ ಆಗಾಗ ನೀರು ಸುರಿಯುತ್ತಿರಬೇಕು. ಒಣ ಮಣ್ಣು ಕರೆಂಟು ಕುಡಿಯುವುದಿಲ್ಲವಂತೆ. ಮೈಸೂರಿನ ತರಬೇತಿಯಲ್ಲಿ ಇದನ್ನೆಲ್ಲ ನನಗೆ ಬಾಯಿಪಾಠ ಮಾಡಿಸಿದ್ದರು.

ಫೋನ್ ಇನ್‌ಸ್ಪೆಕ್ಟರ್ ಚಿನ್ನಸ್ವಾಮಿ, ಲೈನ್‌ಮನ್ ಜಡೇಸ್ವಾಮಿ ಇಬ್ಬರೂ ಹಿತ್ತಲಲ್ಲಿ ಗುದ್ದಲಿ ಇಟ್ಟರು. ಉಪ್ಪಿನ ಮೂಟೆ, ಇದ್ದಿಲ ಮೂಟೆ ಗೋಡೆಗೆ ಒರಗಿದ್ದವು. ಅಷ್ಟರಲ್ಲಿ ಮನೆಯ ಒಡತಿ ಬಂದಳು. ದೊಡ್ಡಬಸಮ್ಮ. ಮುಂದಿನ ಎರಡು ಕೋಣೆ ಎಕ್ಸ್‌ಚೇಂಜಿಗೆ ಬಾಡಿಗೆಗೆ ಕೊಟ್ಟವಳು, ಹಿಂದಿನ ಕೋಣೆ ನನಗೆ ಕೊಟ್ಟವಳು. ಹೊಲ ಗದ್ದೆ ಎಲ್ಲ ಒಂಟಿಯಾಗಿ ನೋಡಿಕೊಳ್ಳುವ ಮುದುಕಿ, ಹಣೆ ತುಂಬ ವಿಭೂತಿ, ನಾಲಿಗೆ ತುಂಬ ಮೆಣಸಿನಕಾಯಿ.

"ಏನ್ಲಾ ಅದು ಮೂಟೇಲಿ?"

"ಉಪ್ಪು, ಇದ್ಲು ಕಣವ್ವ. ಗುಂಡಿಗ್ ಆಕಕೆ," ಅಂದ ಜಡೇಸ್ವಾಮಿ.

ಮುದುಕಿ ಉಪ್ಪಿನ ಮೂಟೆಯನ್ನು ಒಬ್ಬಳೇ ಎಳೆದು ಬೀದಿಗೆ ದಬ್ಬಿದಳು. "ನನ್ ಅಟ್ಟೀಲಿ ಉಪ್ಪು ಇದ್ಲು ಊಳಾಕೆ ಯಾರ್ಲಾ ಏಳ್ಕೊಟ್ಟೋರು ನಿಮಗೆ? ನೆಲ ಅಗುದ್ರೆ ಕಾಲ್ ಮುರುದ್ ಆಕ್ತೀನಿ," ಅಂದಳು. ಇನ್ನೊಬ್ಬರ ಹಿತ್ತಲಲ್ಲಿ ಉಪ್ಪು ಇದ್ದಿಲು ಹೂಳುವುದು ಮಾಟ ಮಾಡುವವರ ಕೆಲಸವಂತೆ. ಸರ್ಕಾರದ ಟೆಲಿಫೋನ್ ಇಲಾಖೆ ಇವಳಿಗೆ ಮಾಟ ಮಾಡಲು ಲಾರಿ ಮಾಡಿಕೊಂಡು ಬಂದಿದೆ.

ಚಿನ್ನಸ್ವಾಮಿ ಗುದ್ದಲಿ ಎತ್ತಿಕೊಂಡು ಹೊರಟೇಬಿಟ್ಟರು. ಮುಂಗಾರಿನ ಮೊದಲ ಗುಡುಗಿಗೆ ಮುಂಚೆ ಈ ಕೆಲಸ ಆಗಬೇಕು. ಆಗದಿದ್ದರೆ ಸಿಡಿಲಿಗೆ ಸಿಗುವುದು ಅವರ ಕಿವಿಯಲ್ಲ, ಮುದುಕಿಯ ಕಿವಿಯೂ ಅಲ್ಲ. ಹೆಡ್‌ಸೆಟ್ ಹಾಕಿಕೊಂಡು ಕೂರುವವಳು ನಾನು.

ಮಾರ್ಚ್ ೧೭, ಮಂಗಳವಾರ

ಅರ್ತಿಂಗು ಆಯಿತು. ನಾನು ಊಟಕ್ಕೆ ಹೊರಗೆ ಹೋಗಿದ್ದಾಗ, ಮುದುಕಿ ಹೊಲಕ್ಕೆ ಹೋಗಿದ್ದಾಗ ಚಿನ್ನಸ್ವಾಮಿ ಮುಗಿಸಿಬಿಟ್ಟಿದ್ದಾರೆ. ಬಂದು ನೋಡಿದೆ. ಗೋಡೆಯ ತೂತಿನಿಂದ ಪೈಪು ಹೊರಗೆ ಬಂದು, ಮೊಣಕೈ ಮಡಚಿದ ಹಾಗೆ ಬಾಗಿ, ಕೊಟ್ಟಿಗೆಯ ಪಕ್ಕ ಮಣ್ಣಿಗಿಳಿದಿದೆ. ಸುತ್ತ ಮಣ್ಣು ಮೆತ್ತಿ ಚೆನ್ನಾಗಿ ತುಳಿದಿದ್ದಾರೆ.

"ಇಷ್ಟು ಬೇಗ ಅಷ್ಟು ಆಳ ಹೇಗೆ ತೋಡಿದಿರಿ?" ಅಂದೆ.

"ಕೆಲ್ಸ ಗೊತ್ತಿದ್ರೆ ಎಲ್ಲಾ ಆಯ್ತದೆ. ಮುದುಕಿಗೆ ಏಳ್ಬೇಡಿ, ನಿಮಗೂ ಒಳ್ಳೇದು," ಅಂದರು. ಜಡೇಸ್ವಾಮಿ ನನ್ನ ಮುಖ ನೋಡದೆ ಬೀಡಿ ಹಚ್ಚಿದ.

ಸಂಜೆ ಮುದುಕಿ ಪೈಪನ್ನು ಎರಡು ಸಲ ಸುತ್ತಿ ನೋಡಿ, "ಬರೀ ಕೊಳಾಯ್ ತಾನೆ?" ಅಂತ ಕೇಳಿದಳು. "ಬರೀ ಕೊಳಾಯಿ," ಅಂದೆ. ಅವಳ ಕಣ್ಣಿಗೆ ಮಣ್ಣೆರಚಿದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಯಿತು.

ಏಪ್ರಿಲ್ ೯

ಬಿಸಿಲು. ಬೋರ್ಡಿನ ಕೋಣೆಗೆ ಕಿಟಕಿ ಒಂದೇ, ಅದಕ್ಕೂ ಬೀರು ಅಡ್ಡ.

ಬೀರುವಿನ ಬಾಗಿಲು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಅರ್ತಿಂಗು ಆದ ಮೇಲೂ ಯಾಕೆ ಹೀಗೆ ಅಂತ ಕೊಳ್ಳೇಗಾಲಕ್ಕೆ ಲೈನ್ ಹಾಕಿ ಚಿನ್ನಸ್ವಾಮಿಯನ್ನು ಕೇಳಿದೆ. "ಒಸ್ದು, ಅಂಗೇ ಇರ್ತದೆ. ಚಪ್ಲಿ ಆಕ್ಕೊಂಡು ಮುಟ್ಟಿ," ಅಂದರು. ಚಪ್ಪಲಿ ಹಾಕಿಕೊಂಡು ಒಳಗೆ ಬಂದರೆ ಮುದುಕಿ ಬಿಡುವುದಿಲ್ಲ, ಹಾಕಿಕೊಳ್ಳದಿದ್ದರೆ ಬೀರು ಬಿಡುವುದಿಲ್ಲ.

ನಾನೇ ಸಿಕ್ಕಿದೆನೇ ಇವರಿಗೆಲ್ಲ? ಹೆಂಗಸನ್ನು ಬೋರ್ಡಿಗೆ ಕೂರಿಸಿದ್ದಾರೆ ಅಂತ ಈ ಊರಿನ ಗಂಡಸರಿಗೆ ಮೊದಲೇ ಹೊಟ್ಟೆಯುರಿ. ಬಿದಿರಿನ ಕಂಟ್ರಾಕ್ಟರ್ ಒಬ್ಬ ಟ್ರಂಕ್ ಕಾಲ್ ಕೇಳುವ ಮೊದಲು ದಿನವೂ, "ಗಂಡಸರು ಯಾರೂ ಇಲ್ವಾ?" ಅಂತ ಕೇಳುತ್ತಾನೆ. ಇಲ್ಲ, ಇವತ್ತು ಸ್ಟಾಕ್ ಇಲ್ಲ ಅಂತ ಹೇಳಿ ಪ್ಲಗ್ ಕಿತ್ತೆ.

ಏಪ್ರಿಲ್ ೨೧, ಮಂಗಳವಾರ

ಬದುಕಿದ್ದೇನೆ.

ನಾಲ್ಕು ಗಂಟೆಯ ಹೊತ್ತಿಗೆ ಬೆಟ್ಟದ ಕಡೆಯಿಂದ ಮೋಡ ಕಟ್ಟಿತು. ಅರಣ್ಯದ ರೇಂಜ್ ಆಫೀಸಿನವರು ಕೊಳ್ಳೇಗಾಲದ ಲೈನ್ ಕೇಳಿದರು, ಕೊಡುತ್ತಿದ್ದೆ. ಹೆಡ್‌ಸೆಟ್ಟಿನ ಬಟ್ಟಲು ಎಡಗಿವಿಯ ಮೇಲೆ. ಬಲಗಿವಿ ಕೋಣೆಯ ಮಾತಿಗೆ ಬಿಟ್ಟಿರಬೇಕು ಅಂತ ತರಬೇತಿಯಲ್ಲಿ ಕಲಿಸಿದ್ದು. ಬೋರ್ಡಿನ ತುಂಬ ಬಿಳೀ ಬೆಳಕು ಬಂದದ್ದು ಗೊತ್ತು. ಕಿವಿಯೊಳಗೆ ಯಾರೋ ಲಕ್ಷ್ಮೀಪಟಾಕಿ ಹೊಡೆದ ಹಾಗಾಯಿತು. ಆಮೇಲೆ ನಾನು ನೆಲದ ಮೇಲಿದ್ದೆ, ಸ್ಟೂಲು ನನ್ನ ಮೇಲಿತ್ತು.

ಮುದುಕಿ ಓಡಿ ಬಂದು ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಮೂಗಿಗೆ ಈರುಳ್ಳಿ ಜಜ್ಜಿ ಹಿಡಿದಳಂತೆ. ಅವಳ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. ಎದ್ದು ಕೂತು ರೇಂಜ್ ಆಫೀಸಿನ ಕಾಲ್ ಮುಗಿಸಿಯೇ ಇಳಿದೆ. ನನ್ನನ್ನು ಯಾರೂ ಹೆಂಗಸು ಹೆದರಿದಳು ಅನ್ನಬಾರದು.

ಚಿನ್ನಸ್ವಾಮಿ ಫೋನಿನಲ್ಲಿ, "ಅರ್ತಿಂಗ್ ಇತ್ತಲ್ಲ, ಅದ್ಕೇ ಉಳುದ್ರಿ," ಅಂದರು. ಈ ಮನುಷ್ಯನ ಒಂದು ಮಾತನ್ನಾದರೂ ಒಪ್ಪಬೇಕಾಗಿ ಬಂತಲ್ಲ ಅಂತ ಸಿಟ್ಟು. ಕಿವಿಯಲ್ಲಿ ಜೀರುಂಡೆ ಕೂತ ಹಾಗೆ ಒಂದೇ ಸಮ ಗುಯ್ ಅನ್ನುತ್ತಿದೆ.

ಏಪ್ರಿಲ್ ೨೭

ಗುಯ್ ಅನ್ನುವುದು ನಿಂತಿತು. ಇನ್ನು ಕಿವಿಯ ಮಾತಿಲ್ಲ.

ಆದರೆ ಈ ಊರಿನವರಿಗೆ ಏನಾಗಿದೆ? ಎಲ್ಲರೂ ಬಾಯೊಳಗೇ ಮಾತಾಡುತ್ತಾರೆ. ಮಂಡಿಯವರು ಇಪ್ಪತ್ತೊಂದು ಕೇಳಿದ್ದನ್ನು ನಾನು ಎಪ್ಪತ್ತೊಂದಕ್ಕೆ ಕೊಟ್ಟೆನಂತೆ. ಬಾಯಲ್ಲಿ ಕಡ್ಲೆಕಾಯಿ ಇಟ್ಟುಕೊಂಡು ನಂಬರು ಹೇಳಿದರೆ ನಾನೇನು ಮಾಡಲಿ? ಕೊಳ್ಳೇಗಾಲದ ಬೋರ್ಡಿನವನೂ ಹಾಗೇ ಆಗಿದ್ದಾನೆ. ಲೈನು ಕೆಟ್ಟಿದೆ, ನೋಡು ಅಂತ ಜಡೇಸ್ವಾಮಿಯನ್ನು ಕಂಬ ಹತ್ತಿಸಿದೆ. ಸರಿಯಾಗಿದೆ ಅಂತ ಇಳಿದು ಬಂದ. ಅವನಿಗೆ ಹತ್ತಲು ಸೋಮಾರಿತನ, ಅರ್ಧಕ್ಕೇ ಇಳಿದಿರುತ್ತಾನೆ.

ಮೇ ೫

ಜಗಳ. ಬಿದಿರಿನ ಕಂಟ್ರಾಕ್ಟರ್ ಎಕ್ಸ್‌ಚೇಂಜಿಗೇ ಬಂದು, ನಾನು ಅವನ ಕಿವಿ ಹರಿದುಹೋಗುವ ಹಾಗೆ ಅರಚುತ್ತೇನೆ ಅಂತ ದೂರು ಹೇಳಿದ. ಅರಚದೆ ಇನ್ನೇನು, ದಿನದಿಂದ ದಿನಕ್ಕೆ ದನಿ ಇಳಿಸುತ್ತಿದ್ದಾರೆ, ಇವರಿಗೆ ಮೂರು ಸಲ ಕೇಳಿದರೂ ಒಂದು ಸಲ ನೆಟ್ಟಗೆ ಹೇಳಲು ಬರುವುದಿಲ್ಲ.

ಮುದುಕಿಯೂ ಸರಿಯಿಲ್ಲ. ಒಲೆಯ ಮುಂದೆ ಕೂತು ಏನೋ ಗೊಣಗುತ್ತಾಳೆ, ಆಮೇಲೆ "ಕರುದ್ರೂ ಯಾಕೆ ಬರ್ನಿಲ್ಲ?" ಅಂತ ನನ್ನನ್ನೇ ಕೇಳುತ್ತಾಳೆ. ಕರೆದರೆ ತಾನೆ ಬರುವುದು.

ಮೇ ೧೦, ಭಾನುವಾರ

ನಮ್ಮೂರು ಅಗರಕ್ಕೆ ಹೋಗಿ ಬಂದೆ. ಅಪ್ಪನೂ ಬಾಯೊಳಗೇ. ಅಮ್ಮ, "ಯಾಕವ್ವ ಅಂಗ್ ಕಿರುಚ್ಕತೀಯೆ, ನಾನೇನ್ ಆಚೆ ದಡದಲ್ಲಿ ಇದ್ದನಾ?" ಅಂದಳು. ಸಂಜೆಯ ಬಸ್ಸಿಗೇ ಹೊರಟುಬಿಟ್ಟೆ.

ಮೇ ೧೪, ಗುರುವಾರ

ನಿಧಾನವಾಗಿ ಬರೆಯುತ್ತೇನೆ.

ಮುದುಕಿ ಕೆಲವು ದಿನದಿಂದ ಕರುವನ್ನು ನಮ್ಮ ಪೈಪಿಗೆ ಕಟ್ಟುತ್ತಿದ್ದಳು. ಸರ್ಕಾರದ ಪೈಪು, ದನ ಕಟ್ಟುವ ಗೂಟವಲ್ಲ ಅಂತ ನಾನು ಹೇಳಿ ಹೇಳಿ ಸೋತಿದ್ದೆ. ಇವತ್ತು ಮಧ್ಯಾಹ್ನ ಬೀದಿಯಲ್ಲಿ ಕಬ್ಬಿಣ ಎಳೆಯುವ ಸದ್ದಾಯಿತಂತೆ. ನನಗೆ ಕೇಳಿಸಲಿಲ್ಲ, ಜಡೇಸ್ವಾಮಿ ಓಡಿದ್ದನ್ನು ನೋಡಿ ನಾನೂ ಹೊರಗೆ ಬಂದೆ. ಕರು ಪೊಲೀಸ್ ಸ್ಟೇಷನ್ನಿನ ಕಡೆ ಹೋಗುತ್ತಿತ್ತು. ಅದರ ಕೊರಳ ಹಗ್ಗಕ್ಕೆ ನಮ್ಮ ಪೈಪು ಜೋತುಬಿದ್ದು ಹಿಂದೆ ತೆವಳಿಕೊಂಡು ಹೋಗುತ್ತಿತ್ತು. ಪೈಪಿನ ಮಣ್ಣಲ್ಲಿದ್ದ ಬಾಯಿಂದ ತಾಮ್ರದ ತಂತಿಯ ಮೊಂಡು ತುದಿ ಇಣುಕುತ್ತಿತ್ತು. ಕಿತ್ತ ಗುರುತಿಲ್ಲ, ಆ ತುದಿಯನ್ನು ಯಾವುದಕ್ಕೂ ಸೇರಿಸಿಯೇ ಇರಲಿಲ್ಲ.

ಹಿತ್ತಲಿಗೆ ಬಂದು ನೋಡಿದೆ. ಪೈಪು ಇದ್ದ ಜಾಗದಲ್ಲಿ ಒಂದು ಗೇಣು ಆಳದ ತೂತು. ಒಳಗೆ ಕೈ ಹಾಕಿದೆ, ಕೆಳಗೆ ಗಟ್ಟಿ ಒಣ ನೆಲ. ಗುಂಡಿಯಿಲ್ಲ, ಉಪ್ಪಿಲ್ಲ, ಇದ್ದಿಲಿಲ್ಲ. ಮೂರು ತಿಂಗಳ ಕರು ಕಿತ್ತುಕೊಂಡು ಹೋಗುವಂಥ ಅರ್ತಿಂಗು.

ಜಡೇಸ್ವಾಮಿ ಕೈಕಟ್ಟಿ ನಿಂತ. "ಸಾಯೇಬ್ರು ಅಂಗೇ ಮಾಡು ಅಂದ್ರು ಕಣಕ್ಕ. ಬಾಯ್ಬಿಟ್ರೆ ಬೆಟ್ಟದ್ ಲೈನಿಗ್ ಆಕ್ತೀನಿ ಅಂದ್ರು. ನನ್ನೆಡ್ತಿ ಬಾಣಂತಿ."

ಏಪ್ರಿಲ್ ಇಪ್ಪತ್ತೊಂದರಂದು ಆ ಬೀರುವಿನ ಕೆಳಗೆ ಏನೂ ಇರಲಿಲ್ಲ. ಆ ಮನುಷ್ಯ ನನಗೆ ಫೋನಿನಲ್ಲಿ, ಅರ್ತಿಂಗು ಇದ್ದುದಕ್ಕೇ ಉಳಿದೆ ಅಂದರು. ನಾನು ಹೌದು ಅಂದೆ.

ಮೇ ೧೫

ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋಗಿ ಆಫೀಸಿನಲ್ಲೇ ಹಿಡಿದೆ. ಚಿನ್ನಸ್ವಾಮಿ ಕಾಫಿ ಕುಡಿಯುತ್ತಿದ್ದರು.

"ನಿಮ್ ಮುದುಕಿ ಬಿಡ್ನಿಲ್ಲ. ನಾನೇನು ಪೊಲೀಸ್ ಕರ್ಕಂಡ್ ಬಂದು ಗುಂಡಿ ತೋಡ್ಸನಾ? ನಿಮಗೇನೂ ಆಗ್ಲಿಲ್ವಲ್ಲ," ಅಂದರು.

"ಆಗಿದ್ದರೆ?"

"ಆಗ್ಲಿಲ್ವಲ್ಲಮ್ಮ. ಆದೋರು ಇಂಗ್ ಬಂದು ಜಗಳ ಆಡ್ತಾರಾ? ಮುದುಕೀನ ಒಪ್ಸಿ, ನಾಳೇನೇ ತೋಡುಸ್ತೀನಿ."

ಅಂದರೆ ಅವರ ಕೆಲಸವೂ ನನ್ನದೇ. ಲೋಟ ಅವರ ಮೇಜಿನಿಂದ ನೆಲಕ್ಕೆ ಬಿತ್ತು. ನಾನು ಬೀಳಿಸಿದೆ.

ಮೇ ೧೬, ಶನಿವಾರ

ಮುದುಕಿಯನ್ನು ಇವತ್ತು ಬಿಡಲಿಲ್ಲ. ನಿನ್ನ ಹಟದಿಂದ ನಾನು ಸಾಯುತ್ತಿದ್ದೆ, ನಿನಗೆ ನಿನ್ನ ಹಿತ್ತಲೇ ಹೆಚ್ಚಾಯಿತೇ, ಉಪ್ಪು ಹೂಳಿದರೆ ನಿನ್ನ ಯಾವ ಗಂಟು ಹೋಗುತ್ತದೆ ಅಂತ ಬಾಯಿಗೆ ಬಂದ ಹಾಗೆ ಅಂದೆ.

ಅವಳು ಮೊರ ಕೆಳಗಿಟ್ಟು, ಎದ್ದು ಬಂದು ನನ್ನ ಇನ್ನೊಂದು ಪಕ್ಕಕ್ಕೆ ಕೂತಳು.

"ಆಸ್ತಿ ಬಾಗ ಆದ ವರ್ಸ ಕಣವ್ವ. ಮೈದ ಮಾತ್ ಬಿಟ್ಟಿದ್ದ. ಕೊಟ್ಟಿಗೆ ಮೂಲೇಲಿ ನೆಲ ಸಡ್ಲಾಗಿತ್ತು, ಕೆದಕ್ದೆ. ಬಟ್ಟೇಲಿ ಕಟ್ಟಿದ್ ಉಪ್ಪು, ಇದ್ಲು. ಆ ತಿಂಗ್ಳೇ ನನ್ ಮಗಂಗೆ ಜರ ಬಂತು. ಎಂಟೊರ್ಸದ್ ಕೂಸು. ಉಪ್ಪಿಂದ ಓದ್ನೋ ಜರದಿಂದ ಓದ್ನೋ ನಂಗೊತ್ತಿಲ್ಲ. ಆ ಮೂಲೇಲೇ ನಿಮ್ಮೋರು ಗುದ್ಲಿ ಇಟ್ಟಿದ್ದು."

ಬರೀ ಜ್ವರ ಅಂತ ಹೇಳಬಹುದಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಇವಳ ಮೇಲೆ ಸಿಟ್ಟು ಮಾಡಲೂ ಆಗುತ್ತಿಲ್ಲವಲ್ಲ ಅಂತ ಇನ್ನಷ್ಟು ಸಿಟ್ಟು ಬಂತು. ಎದ್ದು ಬಂದು ಬಾಗಿಲು ಹಾಕಿಕೊಂಡೆ.

ಮೇ ೨೦, ಬುಧವಾರ

ಅವಳೇ ದಾರಿ ಹೇಳಿದಳು. ಮಾಟ ಕಳ್ಳತನದಲ್ಲಿ ನಡೆಯುವುದು. ಹಗಲಲ್ಲಿ, ನಾಲ್ಕು ಜನರ ಎದುರಿಗೆ, ಮನೆಯ ಒಡತಿಯೇ ಮೊದಲ ಹಿಡಿ ಹಾಕಿದರೆ ಅದು ಮಾಟವಲ್ಲ, ಅವಳ ನೆಲಕ್ಕೆ ಅವಳೇ ಕೊಟ್ಟದ್ದು. ಆದರೆ ಗುಂಡಿ ಆ ಮೂಲೆಯಲ್ಲಿ ಬೇಡ, ಬಚ್ಚಲ ನೀರು ಹರಿಯುವ ಕಡೆ ತೋಡಿ ಅಂದಳು. ಅಲ್ಲಾದರೆ ಮಣ್ಣು ಯಾವಾಗಲೂ ಒದ್ದೆ. ಇಲಾಖೆಗೆ ಈ ಬುದ್ಧಿ ಮೊದಲೇ ಇರಬೇಕಿತ್ತು.

ಚಿನ್ನಸ್ವಾಮಿ ಬಂದರು. ಈ ಸಲ ಗುಂಡಿಯ ಬಾಯಲ್ಲಿ ನಾನೇ ನಿಂತೆ. ಜಡೇಸ್ವಾಮಿಯ ತಲೆ ಕಾಣದಷ್ಟು ಆಳವಾದ ಮೇಲೆಯೇ ಸಾಕು ಅಂದೆ. ದೊಡ್ಡಬಸಮ್ಮ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಬಂದು, ಬೀದಿಯವರ ಎದುರಿಗೆ ಉಪ್ಪು ಹಿಡಿದಳು. ಕೈ ಗುಂಡಿಯ ಮೇಲೆ ಚಾಚಿ ತುಂಬ ಹೊತ್ತು ಹಾಗೇ ನಿಂತಿದ್ದಳು. ನಾನು ಹೋಗಿ ಅವಳ ಕೈ ಹಿಡಿದುಕೊಂಡೆ. ಉಪ್ಪು ಬಿತ್ತು. ಆಮೇಲೆ ತಾಮ್ರದ ತಂತಿಯನ್ನು ಗುಂಡಿಯೊಳಗೆ ನೆಟ್ಟ ಪೈಪಿಗೆ ಬಿಗಿದು, ನೆಲದಿಂದ ಗೋಡೆಯವರೆಗೆ ಹೊಸ ಪೈಪಿನ ಹೊದಿಕೆ ಹಾಕಿ, ಮೊಳೆ ಹೊಡೆದು ಕೂರಿಸಿದರು. ಬೀರುವಿನ ಬಾಗಿಲು ಬರಿಗಾಲಲ್ಲಿ ಮುಟ್ಟಿದೆ. ಜುಮ್ಮೆನ್ನಲಿಲ್ಲ.

ಮೇ ೨೩

ಅರ್ತಿಂಗಿನ ಮಹಿಮೆ. ಲೈನುಗಳೆಲ್ಲ ಗಂಟೆ ಹೊಡೆದ ಹಾಗೆ ಸ್ಪಷ್ಟ. ಎಡಗಡೆ ತಲೆಪಟ್ಟಿ ಒತ್ತುತ್ತದೆ ಅಂತ ಮೊನ್ನೆಯಿಂದ ಹೆಡ್‌ಸೆಟ್ ತಿರುಗಿಸಿ ಬಲಗಿವಿಗೆ ಹಾಕಿಕೊಂಡಿದ್ದೇನೆ, ಅದೂ ಹಿತವಾಗಿದೆ.

ಜಡೇಸ್ವಾಮಿ ಮಾತ್ರ ಕಳ್ಳಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಬಾಗಿಲಿಂದಲೇ ಕೂಗಿ ಬಾ ಅಂತ ಬೈದೆ. ಕೂಗಿದೆ ಅಂದ. ಸುಳ್ಳ.

ಮೇ ೩೧, ಭಾನುವಾರ

ರಜೆ. ಊಟ ಮಾಡಿ ಬಲಮಗ್ಗುಲಾಗಿ ಮಲಗಿದ್ದೆ. ಎಚ್ಚರವಾದಾಗ ಕೋಣೆ ಕತ್ತಲಾಗಿತ್ತು, ಕಿಟಕಿಯಲ್ಲಿ ಮಿಂಚುತ್ತಿತ್ತು. ದೂರದ ಮಿಂಚಿರಬೇಕು, ಗುಡುಗಿಲ್ಲ ಅಂದುಕೊಂಡು ನೋಡುತ್ತಾ ಮಲಗಿದ್ದೆ. ಎದುರಿಗೆ ಹೊಸಿಲ ಮೇಲೆ ದೊಡ್ಡಬಸಮ್ಮಜ್ಜಿ ಕೂತಿದ್ದಳು. ಮಿಂಚಿದಾಗಲೆಲ್ಲ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಗುಡುಗದ ಮಳೆಗೆ ಇವಳು ಯಾಕೆ ಕಿವಿ ಮುಚ್ಚುತ್ತಾಳೆ ಅಂತ ಕೇಳಲು ತಲೆ ಎತ್ತಿದೆ.

ಗುಡುಗು ಕೋಣೆಯೊಳಗೆ ನುಗ್ಗಿತು. ಸೂರಿನ ಹಂಚು ನಡುಗುತ್ತಿತ್ತು, ಮಳೆ ಧೋ ಅನ್ನುತ್ತಿತ್ತು, ಕೊಟ್ಟಿಗೆಯಲ್ಲಿ ಕರು ಅರಚುತ್ತಿತ್ತು. ಮತ್ತೆ ಬಲಗಿವಿಯನ್ನು ದಿಂಬಿಗೆ ಒತ್ತಿದೆ. ಏನೂ ಇಲ್ಲ. ಎತ್ತಿದೆ, ಇಡೀ ಲೋಕ ಇದೆ. ಒತ್ತಿದೆ, ಇಲ್ಲ.

ಹುಚ್ಚಿಯ ಹಾಗೆ ಎಷ್ಟು ಸಲ ಮಾಡಿದೆನೋ. ಅಜ್ಜಿ ಬಂದು ತಲೆ ಹಿಡಿದು ನಿಲ್ಲಿಸಿದಳು.

"ನಿನಗೆ ಗೊತ್ತಿತ್ತಾ?" ಅಂದೆ.

"ಸಿಡ್ಲು ಒಡುದ್ ಮಾರ್ನೇ ದಿನದಿಂದ್ಲೂ ಗೊತ್ತು. ಆ ಕಿವೀಗ್ ಏಳುದ್ರೆ ಜಗಳ ಆಡ್ತೀಯೆ, ಈ ಕಿವೀಗ್ ಏಳುದ್ರೆ ಕೇಳುಸ್ಕತೀಯೆ. ಅದ್ಕೇ ಈ ಕಡೆ ಬಂದ್ ಕೂರ್ತಿದ್ದೆ."

"ಯಾಕೆ ಹೇಳಲಿಲ್ಲ?"

"ಯಾವ್ ಬಾಯಲ್ ಏಳ್ಲವ್ವ? ಗುಂಡಿ ಬ್ಯಾಡ ಅಂದೋಳು ನಾನು."

ಯಾರೂ ಬಾಯೊಳಗೆ ಮಾತಾಡುತ್ತಿರಲಿಲ್ಲ. ಮಂಡಿಯವರು ನೆಟ್ಟಗೇ ಹೇಳಿದ್ದರು. ಜಡೇಸ್ವಾಮಿ ಕಂಬದ ತುದಿಯವರೆಗೂ ಹತ್ತಿದ್ದ. ಅಪ್ಪ ಏನು ಹೇಳಿದ್ದನೋ, ನಾನು ಬಸ್ಸು ಹತ್ತಿಬಿಟ್ಟೆ.

ಜೂನ್ ೨

ಕಿವಿ ಹೋದವಳಿಗೆ ಬೋರ್ಡ್ ಕೊಡುತ್ತಾರೆಯೇ? ಕೊಡುವುದಿಲ್ಲ. ಒಂದರಲ್ಲಿ ಚೆನ್ನಾಗಿ ಕೇಳುತ್ತದೆ, ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಅಗರಕ್ಕೆ ವಾಪಸು, ಗದ್ದೆಗೆ. ಹೇಳದಿದ್ದರೆ ಚಿನ್ನಸ್ವಾಮಿ ಮುಂದಿನ ಊರಿನಲ್ಲೂ ಒಂದು ಗೇಣು ಪೈಪು ಹೂಳಿ ಕಾಫಿ ಕುಡಿಯುತ್ತಾರೆ. ಕೌದಳ್ಳಿಗೂ ಬೋರ್ಡ್ ಬರುತ್ತದಂತೆ.



ಜೂನ್ ೯, ಮಂಗಳವಾರ

ಮೈಸೂರಿನಿಂದ ಎಂಜಿನಿಯರ್ ಸಾಹೇಬರು ಹೊಸ ಕ್ಯಾಬಿನೆಟ್ ನೋಡಲು ಬಂದಿದ್ದರು. ಚಿನ್ನಸ್ವಾಮಿ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಅವರಿಗೆ ಗುಂಡಿ ತೋರಿಸಿದರು, ಪೈಪು ತೋರಿಸಿದರು. ಸಾಹೇಬರು ಮೀಟರ್ ಹಿಡಿದು ನೋಡಿ, ಇಷ್ಟು ಒಳ್ಳೆಯ ಅರ್ತಿಂಗು ಈ ಕಡೆ ಎಲ್ಲೂ ಇಲ್ಲ ಅಂದರು. "ಮಾರ್ಚ್‌ನಲ್ಲೇ ಮುಗಿಸಿದೀವಿ ಸಾರ್," ಅಂದರು ಚಿನ್ನಸ್ವಾಮಿ. ಅಜ್ಜಿ ಬಚ್ಚಲ ಗೋಡೆಯ ಹತ್ತಿರ ಕೊಡಪಾನ ಹಿಡಿದು ನಿಂತಿದ್ದಳು, ಗುಂಡಿಗೆ ನೀರು ಹಾಕಲು. ದಿನವೂ ಅವಳೇ ಹಾಕುವುದು.

ಸಾಹೇಬರು ನನ್ನ ಕಡೆ ತಿರುಗಿ, "ಏನಮ್ಮ, ಬೋರ್ಡಿನಲ್ಲಿ ಏನಾದರೂ ತೊಂದರೆ ಇದೆಯಾ?" ಅಂತ ಕೇಳಿದರು.

ಹೇಳಬೇಕೋ ಬೇಡವೋ ಅಂತ ಆ ಗಳಿಗೆಯವರೆಗೂ ನಾನು ನಿಶ್ಚಯ ಮಾಡಿರಲಿಲ್ಲ. ಅಷ್ಟರಲ್ಲಿ ಚಿನ್ನಸ್ವಾಮಿ ನನ್ನ ಎಡಗಡೆ ಬಂದು ನಿಂತರು. ಬಗ್ಗಿದರು. ಅವರ ಉಸಿರು ಕೆನ್ನೆಗೆ ಬಿಸಿಯಾಗಿ ತಾಗಿತು. ಏನೋ ಹೇಳುತ್ತಿದ್ದರು. ನನ್ನ ಆ ಕಿವಿಗೆ ಹೇಳುತ್ತಿದ್ದರು.

ನನಗೆ ನಗು ಬಂತು. ಎಷ್ಟೋ ದಿನದ ಮೇಲೆ.

"ಸಾರ್," ಅಂದೆ, "ಇನ್‌ಸ್ಪೆಕ್ಟರು ಏನೋ ಗುಟ್ಟು ಹೇಳುತ್ತಿದ್ದಾರೆ. ಆ ಕಿವಿ ಏಪ್ರಿಲ್ ಇಪ್ಪತ್ತೊಂದರ ಸಿಡಿಲಿಗೆ ಸತ್ತುಹೋಯಿತು, ನನಗೆ ಕೇಳಿಸುವುದಿಲ್ಲ. ಏನು ಹೇಳಿದರು ಅಂತ ಅವರನ್ನೇ ಕೇಳಿ."

ಸಾಹೇಬರು ಕೇಳಿದರು. ಚಿನ್ನಸ್ವಾಮಿ ಇಸ್ತ್ರಿ ಶರಟಿನ ತೋಳು ಸರಿಮಾಡಿಕೊಂಡರು. ಜಡೇಸ್ವಾಮಿ ಕೊಟ್ಟಿಗೆಗೆ ಹೋಗಿ ಆ ಹಳೆಯ ಪೈಪನ್ನು ತಂದು ಸಾಹೇಬರ ಕಾಲ ಬಳಿ ಇಟ್ಟ. ಕರುವಿನ ಹಗ್ಗ ಇನ್ನೂ ಅದಕ್ಕೆ ಸುತ್ತಿಕೊಂಡೇ ಇತ್ತು.

ಸೋಮವಾರ ಕಿವಿ ಪರೀಕ್ಷೆಗೆ ಮೈಸೂರಿಗೆ ಹೋಗಬೇಕು. ಬೋರ್ಡಿನಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಹೇಳಲಾರೆ ಅಂದರು ಸಾಹೇಬರು. ಇಟ್ಟುಕೊಳ್ಳದಿದ್ದರೆ ಅಲ್ಲೂ ಜಗಳ ಆಡುತ್ತೇನೆ. ದೊಡ್ಡಬಸಮ್ಮವ್ವ ತಾನೂ ಬರುತ್ತಾಳಂತೆ. ಬೇಡ ಅಂದರೆ ಕೇಳುತ್ತಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಬೇಕು ಅಂತ ನಾನು ಹೇಳಿದ್ದಕ್ಕೆ, "ಯಾವ್ ಕಿಟ್ಕಿ ಅಂತ ನೋಡ್ಕಂಡ್ ಕೂತ್ಕ. ನಾನು ನಿನ್ ಬಲಗಡೀಕೆ ಇರ್ಬೇಕು," ಅಂದಳು.